ಕಮಾನಿಗೆ ಬರೆದದ್ದು ಪಿಕ್ಕಿಗೆ ಸಿಕ್ಕಾಗ

ಪ್ರಶ್ನೆ: ಹತ್ತು ವರ್ಷದಿಂದ ಮ್ಯಾಂಡೊಲಿನ್ ನುಡಿಸುತ್ತಿದ್ದೇನೆ. ಸ್ಟಾಫ್ ನೊಟೇಶನ್ ಓದಲು ಬರುತ್ತದೆ, ಟ್ರೆಮೊಲೊ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು) ಕೈಗೆ ಕೂತಿದೆ, ಎಡಗೈ ಹನ್ನೆರಡನೇ ಫ್ರೆಟ್‌ವರೆಗೆ ಧೈರ್ಯವಾಗಿ ಓಡುತ್ತದೆ. ಆದರೆ ಸಿಗುವ ಮ್ಯಾಂಡೊಲಿನ್ ಪುಸ್ತಕಗಳಲ್ಲಿ ಅರ್ಧ ಹೊಸಬರಿಗೆ, ಉಳಿದರ್ಧ ಜನಪ್ರಿಯ ಹಾಡುಗಳ ಸರಳ ರೂಪ. ವಾರದಲ್ಲಿ ಮುಗಿದುಹೋಗುತ್ತವೆ. ನಿಜಕ್ಕೂ ಬೆವರಿಳಿಸುವ ಸಂಗೀತ ಎಲ್ಲಿದೆ? ಯಾವುದರಿಂದ ಶುರು ಮಾಡಲಿ?

ಉತ್ತರ: ಮುಖಪುಟದ ಮೇಲೆ ‘ಮ್ಯಾಂಡೊಲಿನ್’ ಎಂದು ಅಚ್ಚಾದ ಪುಸ್ತಕಗಳನ್ನೇ ಹುಡುಕುತ್ತಿದ್ದರೆ ಬೇಗ ಖಾಲಿಯಾಗುವುದು ಸಹಜ. ಮ್ಯಾಂಡೊಲಿನ್‌ನ ನಾಲ್ಕು ಜೋಡಿ ತಂತಿಗಳು ಜಿ, ಡಿ, ಎ, ಇ. ಪಿಟೀಲಿನವೂ ಅವೇ, ಅದೇ ಸ್ಥಾಯಿಯಲ್ಲಿ. ಹಾಗಾಗಿ ಪಿಟೀಲಿಗೆಂದು ಮೂರು ಶತಮಾನಗಳಲ್ಲಿ ಬರೆದದ್ದರ ಬಹುಪಾಲು ಒಂದು ಸ್ವರವನ್ನೂ ಕದಲಿಸದೆ ನಿಮ್ಮ ಮುಂದೆ ಬಂದು ಕೂರುತ್ತದೆ. ಇದು ನಿಮಗೂ ಗೊತ್ತಿರಬಹುದು. ಗೊತ್ತಿದ್ದವರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಪಿಟೀಲಿನವರ ದರ್ಜೆಪಟ್ಟಿ ಹಿಡಿದುಕೊಂಡು, ಅಲ್ಲಿ ಕಷ್ಟ ಎಂದದ್ದು ಇಲ್ಲೂ ಕಷ್ಟ, ಸುಲಭ ಎಂದದ್ದು ಸುಲಭ ಎಂದುಕೊಂಡು ಹೊರಡುತ್ತಾರೆ. ಕಮಾನು ಹೋಗಿ ಪಿಕ್ (ತಂತಿ ಮೀಟುವ ಚಿಪ್ಪು) ಬಂದ ಕೂಡಲೇ ಕಷ್ಟದ ಜಾಗಗಳು ಅದಲುಬದಲಾಗುತ್ತವೆ.

ಬಾಖ್‌ನ ಒಂಟಿ ಪಿಟೀಲಿನ ಸೊನಾಟಾ, ಪಾರ್ಟಿಟಾಗಳನ್ನೇ ನೋಡಿ. ಒಟ್ಟು ಆರು, ಬಿಡಬ್ಲ್ಯುವಿ (ಬಾಖ್‌ನ ಕೃತಿಪಟ್ಟಿಯ ಸಂಖ್ಯೆ) 1001ರಿಂದ 1006, ಅವನ ಕೈಬರಹದ ಪ್ರತಿಯ ಮೇಲಿರುವ ವರ್ಷ 1720. ಇವುಗಳಲ್ಲಿ ಪಿಟೀಲಿನವರಿಗೆ ತಲೆನೋವು ಕೊಡುವ ಮೂರು–ನಾಲ್ಕು ಸ್ವರದ ಕಾರ್ಡ್‌ಗಳು ನಿಮಗೆ ಅಷ್ಟೇನೂ ಕಾಡುವುದಿಲ್ಲ. ಕಮಾನು ನಾಲ್ಕು ತಂತಿಯನ್ನು ಒಟ್ಟಿಗೆ ಹಿಡಿಯಲಾರದು, ಒಡೆದು ನುಡಿಸಬೇಕು. ಪಿಕ್ ಒಂದೇ ಎಳೆತದಲ್ಲಿ ನಾಲ್ಕನ್ನೂ ಸವರಿಕೊಂಡು ಹೋಗುತ್ತದೆ, ಫ್ರೆಟ್ ಇರುವುದರಿಂದ ಶ್ರುತಿಯ ಚಿಂತೆಯೂ ಇಲ್ಲ. ಪಿಟೀಲಿನ ವಿದ್ಯಾರ್ಥಿ ಉಸಿರು ಬಿಡುವ ನಿಧಾನದ ಭಾಗಗಳಲ್ಲೇ ನಿಮ್ಮ ಉಸಿರು ಕಟ್ಟುತ್ತದೆ. ಮೀಟಿದ ಸ್ವರ ಆರಿಹೋಗುತ್ತದೆ, ಇ ತಂತಿಯ ಮೇಲೆ ಇನ್ನೂ ಬೇಗ. ಅಲ್ಲಿ ಟ್ರೆಮೊಲೊ ತುಂಬಬೇಕೆನಿಸುತ್ತದೆ. ಬೇಡ ಎಂದೇ ನನ್ನ ಸಲಹೆ. ಎರಡು ಮೂರು ಧ್ವನಿಗಳು ಒಟ್ಟಿಗೆ ನಡೆಯುವಲ್ಲಿ ಒಂದಕ್ಕೆ ಮಾತ್ರ ಟ್ರೆಮೊಲೊ ಕೊಟ್ಟರೆ ಉಳಿದವು ಮುಳುಗುತ್ತವೆ. ಬದಲಿಗೆ ಪಿಟೀಲಿನವರಿಗಿಂತ ತುಸು ಚುರುಕಾದ ಗತಿ ಹಿಡಿಯಿರಿ, ಮುಂದಿನ ಸ್ವರಕ್ಕೆ ಬೆರಳು ಬೇಕಾಗುವ ಕೊನೆಯ ಕ್ಷಣದವರೆಗೂ ಹಿಂದಿನ ಸ್ವರವನ್ನು ಒತ್ತಿಯೇ ಹಿಡಿಯಿರಿ. ಸ್ವರ ಸತ್ತಂತೆ ಕೇಳಿಸುವುದಕ್ಕೆ ಬಹುಪಾಲು ಕಾರಣ ವಾದ್ಯವಲ್ಲ, ಬೇಗ ಎದ್ದ ಬೆರಳು.

ಇನ್ನು ಬಲಗೈ. ಪಿಟೀಲಿನವರು ಬಾರಿಯೊಲಾಜ್ ಎನ್ನುವ ಒಂದು ತಂತ್ರವಿದೆ: ಒಂದು ತೆರೆದ ತಂತಿ ಮೊಳಗುತ್ತಲೇ ಇರುತ್ತದೆ, ಪಕ್ಕದ ತಂತಿಗಳ ಮೇಲೆ ರಾಗ ಸಾಗುತ್ತದೆ. ಇ ಮೇಜರ್ ಪಾರ್ಟಿಟಾದ (1006) ಪ್ರೆಲೂಡಿಯೊದಲ್ಲಿ 17ನೇ ಬಾರ್‌ನಿಂದ (ಬಾರ್ ಎಂದರೆ ಸ್ಕೋರ್‌ನ ಒಂದು ತಾಳಖಂಡ) ತೆರೆದ ಇ ತಂತಿಯ ಸುತ್ತ, 67ರಿಂದ ತೆರೆದ ಎ ತಂತಿಯ ಸುತ್ತ ಇದೇ ಆಟ. ಕಮಾನಿಗೆ ಇದು ಮಣಿಕಟ್ಟಿನ ಒಂದು ಅಲೆ. ಪಿಕ್ಕಿಗೆ ಪ್ರತಿ ಸ್ವರವೂ ಒಂದು ನೆಗೆತ.

ಯಾಕೆಂದು ನೋಡಲು ಸ್ಕೋರ್ ಬದಿಗಿಟ್ಟು ತೆರೆದ ತಂತಿಗಳ ಮೇಲೆ ಡಿ–ಎ–ಇ–ಎ ಎಂದು ಸುತ್ತಿಸಿ. ಕಟ್ಟುನಿಟ್ಟಾಗಿ ಡೌನ್–ಅಪ್–ಡೌನ್–ಅಪ್ (ಕೆಳಕ್ಕೊಂದು ಮೀಟು, ಮೇಲಕ್ಕೊಂದು). ಡಿ ಮೇಲೆ ಡೌನ್ ಹೊಡೆದಾಗ ಪಿಕ್ ಬಂದು ನಿಲ್ಲುವುದು ಡಿ ಮತ್ತು ಎ ನಡುವೆ. ಆದರೆ ಎ ಮೇಲೆ ಅಪ್ ಹೊಡೆಯಲು ಅದು ಎ ದಾಟಿ ಆಚೆ ಇರಬೇಕು, ಅಂದರೆ ಒಂದು ಜೋಡಿಯನ್ನು ಹಾರಬೇಕು. ಆ ಅಪ್ ಮುಗಿದಾಗ ಮತ್ತೆ ಡಿ–ಎ ನಡುವೆ. ಇ ಮೇಲೆ ಡೌನ್‌ಗೆ ಎ–ಇ ನಡುವೆ ಬೇಕು, ಇನ್ನೊಂದು ನೆಗೆತ. ಹೀಗೆ ನಾಲ್ಕು ಸ್ವರಕ್ಕೆ ನಾಲ್ಕು ನೆಗೆತ. ಬೀಟಿಗೆ ನಾಲ್ಕು ಸ್ವರದಂತೆ ಮೆಟ್ರೊನೋಮ್ 120ರಲ್ಲಿ ನುಡಿಸಿದರೆ ಸೆಕೆಂಡಿಗೆ ಎಂಟು ನೆಗೆತ. ಪಿಕ್ಕಿನ ತುದಿ ತಂತಿಯೊಳಗೆ ಒಂದೆರಡು ಮಿಲಿಮೀಟರ್‌ಗಿಂತ ಆಳ ಇಳಿದರೆ ಇದು ಆಗದ ಕೆಲಸ. ನೆಗೆತ ದೊಡ್ಡದಾದಷ್ಟೂ ಮುಂಗೈ ಬಿಗಿಯುತ್ತದೆ, ಬಿಗಿದ ಕೈ 30 ಬಾರ್ ದಾಟುವುದಿಲ್ಲ.

ಇನ್ನೊಂದು ದಾರಿ ಇದೆ. ಡಿ, ಎ, ಇ ಮೂರನ್ನೂ ಡೌನ್‌ನಲ್ಲೇ ಜಾರಿಸಿ, ಹಿಂತಿರುಗುವ ಎ ಒಂದನ್ನು ಮಾತ್ರ ಅಪ್ ಮಾಡುವುದು. ನೆಗೆತ ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಲಯದ್ದು: ಜಾರಿದ ಮೂರು ಸ್ವರ ಒಂದರ ಬೆನ್ನಿಗೊಂದು ನುಗ್ಗಿ, ನಾಲ್ಕನೆಯದರ ಮುಂದೆ ಪುಟ್ಟ ಗುಂಡಿ ಬೀಳುತ್ತದೆ. ನುಡಿಸುವಾಗ ನಿಮಗೆ ಕೇಳಿಸದು. ಫೋನಿನಲ್ಲಿ ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಹಾಕಿ ಕೇಳಿದರೆ ಗುಂಡಿ ಎದ್ದು ಕಾಣುತ್ತದೆ. ಎರಡೂ ಕ್ರಮಗಳನ್ನು ಕಲಿತಿಟ್ಟುಕೊಳ್ಳಿ, ಯಾವ ಬಾರ್‌ಗೆ ಯಾವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ದಿನಕ್ಕೊಂದು ಥರ ಮೀಟಿದರೆ ಬಲಗೈಗೆ ಯಾವುದೂ ಪಾಠವಾಗುವುದಿಲ್ಲ.

ಹಾಗಾದರೆ ಬಾಖ್‌ನಲ್ಲಿ ಮೊದಲು ಎಲ್ಲಿಗೆ ಕೈ ಹಾಕಬೇಕು? ಬಿ ಮೈನರ್ ಪಾರ್ಟಿಟಾಗೆ (1002). ಅದರಲ್ಲಿ ನಾಲ್ಕು ನೃತ್ಯಗಳು, ಪ್ರತಿಯೊಂದರ ಹಿಂದೆಯೂ ಡಬಲ್ ಎಂಬ ಒಂದು ಓಟದ ರೂಪ. ಡಬಲ್‌ಗಳಲ್ಲಿ ಕಾರ್ಡ್ ಗೊಂದಲವಿಲ್ಲ, ಒಂದೇ ಎಳೆ, ಸಮನಾದ ಸ್ವರಗಳು. ಪಿಕ್ಕಿಗೆ ಹೇಳಿ ಮಾಡಿಸಿದಂತಿವೆ. ಸಾರಾಬಾಂಡ್‌ನ ಡಬಲ್ ಮೂರುಮೂರರ ಗುಂಪಿನಲ್ಲಿ (9/8) ಸಾಗುವುದರಿಂದ ಡೌನ್–ಅಪ್ ಬಿಡದೆ ಹೋದರೆ ಒಂದು ಗುಂಪು ಡೌನ್‌ನಿಂದ, ಮುಂದಿನದು ಅಪ್‌ನಿಂದ ಶುರುವಾಗುತ್ತದೆ. ಅಪ್ ಮೇಲೆ ಒತ್ತು ಕೊಡಲು ಬಾರದವರ ಬಣ್ಣ ಇಲ್ಲಿ ಬಯಲಾಗುತ್ತದೆ. ಐರಿಷ್ ಜಿಗ್ ನುಡಿಸುವವರು ಇದೇ ತೊಡಕನ್ನು ಡೌನ್–ಅಪ್–ಡೌನ್, ಡೌನ್–ಅಪ್–ಡೌನ್ ಎಂದು ಬಿಡಿಸಿಕೊಂಡಿದ್ದಾರೆ. ಕುಣಿತಕ್ಕೆ ಅದು ಸೊಗಸು, ಬಾಖ್‌ನ ಉದ್ದನೆಯ ಸಾಲಿಗೆ ಕುಂಟು.

ಆಮೇಲೆ ಜಿ ಮೈನರ್ ಸೊನಾಟಾದ (1001) ಪ್ರೆಸ್ಟೊ, ಆಮೇಲೆ ಮೇಲೆ ಹೇಳಿದ ಪ್ರೆಲೂಡಿಯೊ. ಪ್ರೆಲೂಡಿಯೊ 138 ಬಾರ್, ಬಾರ್‌ಗೆ ಮೂರು ಬೀಟ್: 100ರ ಗತಿಯಲ್ಲಿ ನಾಲ್ಕು ನಿಮಿಷ ಎಂಟು ಸೆಕೆಂಡು, 120ರಲ್ಲಿ ಸುಮಾರು ಮೂರೂವರೆ ನಿಮಿಷ, ಹೆಚ್ಚುಕಡಿಮೆ ತಡೆಯಿಲ್ಲದ ಓಟ. ಡಿ ಮೈನರ್ ಪಾರ್ಟಿಟಾದ (1004) ಚಾಕೊನ್ ಬೇರೆಯೇ ಬೆಟ್ಟ. ಅದರ 89ರಿಂದ 120ನೇ ಬಾರ್‌ವರೆಗಿನ ಬಹುಪಾಲನ್ನು ಬಾಖ್ ಬರೀ ಕಾರ್ಡ್‌ಗಳಾಗಿ ಬರೆದು ‘ಆರ್ಪೆಜೊ’ ಎಂದು ಸೂಚಿಸಿ ಬಿಟ್ಟಿದ್ದಾನೆ. ಹೇಗೆ ಒಡೆಯಬೇಕೆಂಬುದು ನುಡಿಸುವವರ ಪಾಲಿಗೆ. ಅಚ್ಚಾದ ಪಿಟೀಲು ಪ್ರತಿಗಳಲ್ಲಿ ಸಂಪಾದಕರು ಸೂಚಿಸುವ ಮಾದರಿಗಳು ಕಮಾನಿನ ಅನುಕೂಲಕ್ಕಾಗಿ ಇರುವಂಥವು. ಅವನ್ನು ಕುರುಡಾಗಿ ಅನುಸರಿಸಬೇಡಿ, ಪಿಕ್ಕಿಗೆ ಹರಿಯುವ ನಿಮ್ಮದೇ ಮಾದರಿ ಕಟ್ಟಿಕೊಳ್ಳಿ. ಸಿ ಮೇಜರ್ ಸೊನಾಟಾದ (1005) ಫ್ಯೂಗ್ 354 ಬಾರ್ ಉದ್ದ. ಅದನ್ನು ಸದ್ಯಕ್ಕೆ ದೂರದಿಂದ ನೋಡಿದರೆ ಸಾಕು.

ಪಿಟೀಲು ಪ್ರತಿಗಳನ್ನು ಬಳಸುವಾಗ ಇನ್ನೆರಡು ಎಚ್ಚರ. ಬೆರಳಿನ ಅಂಕಿಗಳು ಬಹುಪಾಲು ಹೊಂದುತ್ತವೆ, ಆದರೆ ಪಿಟೀಲಿನವರು ತೆರೆದ ತಂತಿಯ ಗಡುಸು ನಾದವನ್ನು ತಪ್ಪಿಸಲು ನಾಲ್ಕನೇ ಬೆರಳು ಬರೆದಿರುತ್ತಾರೆ. ನಿಮಗೆ ತೆರೆದ ತಂತಿಯ ಮೊಳಗು ಬೇಕೇ ಬೇಕು, ಅಲ್ಲಲ್ಲಿ ತಿದ್ದಿಕೊಳ್ಳಿ. ಸ್ಲರ್ ಗೆರೆ (ಸ್ವರಗಳನ್ನು ಬೆಸೆದು ನುಡಿಸಲು ಹೇಳುವ ಬಾಗುಗೆರೆ) ಕಂಡ ಕಡೆಯೆಲ್ಲ ಹ್ಯಾಮರ್–ಆನ್ (ಮೀಟದೆ ಎಡಗೈ ಬೆರಳು ಬಡಿದು ಸ್ವರ ತೆಗೆಯುವುದು) ಮಾಡಲು ಹೋಗಬೇಡಿ. ಜೋಡಿ ತಂತಿಯ ಮೇಲೆ ಅದರ ದನಿ ಸಣಕಲು. ಎಲ್ಲವನ್ನೂ ಮೀಟಿ, ಸ್ಲರ್‌ನ ಮೊದಲ ಸ್ವರಕ್ಕೆ ತುಸು ತೂಕ, ಉಳಿದವಕ್ಕೆ ಕಡಿಮೆ. ಕಿವಿಗೆ ಅದೇ ಸ್ಲರ್.

ಬಾಖ್ ಸದ್ಯಕ್ಕೆ ಭಾರವೆನಿಸಿದರೆ ಟೆಲಿಮಾನ್ ಇದ್ದಾನೆ. ಒಂಟಿ ಪಿಟೀಲಿಗೆ ಅವನು ಬರೆದ 12 ಫ್ಯಾಂಟಸಿಯಾಗಳು 1735ರವು. ಚಿಕ್ಕವು, ಚೊಕ್ಕವು, ಒಂದೊಂದರಲ್ಲೂ ನಿಧಾನ–ವೇಗದ ತುಣುಕುಗಳು ಪಕ್ಕಪಕ್ಕದಲ್ಲಿವೆ. ಬರೀ ಬಲಗೈ ಕಸರತ್ತಿಗೆ ಕ್ರೂಟ್ಸರ್‌ನ 42 ಎಟ್ಯೂಡ್‌ಗಳು (ಅಭ್ಯಾಸದ ತುಣುಕುಗಳು). ಎರಡನೆಯದು ಸಿ ಮೇಜರ್‌ನಲ್ಲಿ ಉದ್ದಕ್ಕೂ ಬೀಟಿಗೆ ನಾಲ್ಕು ಸ್ವರ. ಪಿಟೀಲಿನವರು ಅದನ್ನೇ ಹತ್ತಾರು ಬಗೆಯ ಕಮಾನಿನಲ್ಲಿ ನುಡಿಸಿ ಹದ ಮಾಡುತ್ತಾರೆ, ನೀವು ಹತ್ತಾರು ಬಗೆಯ ಮೀಟಿನಲ್ಲಿ ಮಾಡಬಹುದು. ಪಗನೀನಿಯ 24 ಕ್ಯಾಪ್ರಿಸ್‌ಗಳ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಅವುಗಳ ಸವಾಲಿನಲ್ಲಿ ದೊಡ್ಡ ಪಾಲು ಕಮಾನಿನ ಜಿಗಿತ ಮತ್ತು ಫ್ರೆಟ್‌ಬೋರ್ಡ್ ಮುಗಿದ ಮೇಲೂ ಏರುವ ಸ್ವರಗಳದ್ದು. 20 ಫ್ರೆಟ್‌ನ ಮ್ಯಾಂಡೊಲಿನ್ ಇ ತಂತಿಯ ಮೇಲೆ ಸಿ ವರೆಗೆ ಮುಟ್ಟುತ್ತದೆ, ಅಷ್ಟೇ. ಮ್ಯಾಂಡೊಲಿನ್‌ಗೆ ಬಂದಾಗ ಅವುಗಳ ಜೀವ ಅರ್ಧ ಹೋಗಿರುತ್ತದೆ, ಕಷ್ಟ ಮಾತ್ರ ಪೂರ್ತಿ ಉಳಿದಿರುತ್ತದೆ.

ಪಿಟೀಲಿನಾಚೆಗೂ ನೋಡಿ. ಬಾಖ್‌ನ ಒಂಟಿ ಕೊಳಲಿನ ಎ ಮೈನರ್ ಪಾರ್ಟಿಟಾ (1013) ಮ್ಯಾಂಡೊಲಿನ್‌ಗೆ ಅಚ್ಚುಕಟ್ಟಾಗಿ ಕೂರುತ್ತದೆ. ಅದರ ಮೊದಲ ಭಾಗ ಆಲ್ಲೆಮಾಂಡ್‌ನಲ್ಲಿ ಕೊಳಲಿನವರು ಉಸಿರೆಳೆಯಲು ಸಂದು ಹುಡುಕುತ್ತ ಒದ್ದಾಡುತ್ತಾರೆ. ನಿಮಗೆ ಆ ಕಷ್ಟವಿಲ್ಲದಿರುವುದೇ ಅಪಾಯ: ಉಸಿರೇ ಇಲ್ಲದ ಹೊಲಿಗೆ ಯಂತ್ರದಂತೆ ಕೇಳಿಸೀತು. ಕೊಳಲಿನವರು ಉಸಿರೆಳೆಯುವ ಜಾಗಗಳನ್ನು ಗುರುತಿಸಿ, ಅಲ್ಲಿ ಕೂದಲೆಳೆಯಷ್ಟು ನಿಂತು ಹೋಗಿ. ಆ ಭಾಗ ಮುಗಿಯುವುದು ಎತ್ತರದ ಎ ಸ್ವರದಲ್ಲಿ, ನಿಮ್ಮ ಇ ತಂತಿಯ 17ನೇ ಫ್ರೆಟ್. ಅಲ್ಲಿಗೆ ಹೋಗುವ ಮುಂಚೆ ಬ್ರಿಜ್ ಸರಿಯಾದ ಜಾಗದಲ್ಲಿದೆಯೇ ನೋಡಿ. 12ನೇ ಫ್ರೆಟ್ ಮೇಲೆ ಹಾರ್ಮೊನಿಕ್ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ತೆಗೆಯುವ ಸ್ವರ) ಮೀಟಿ, ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜನ್ನು ಬಾಲದ ಕಡೆಗೆ ಕೂದಲಷ್ಟು ಸರಿಸಿ, ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಬ್ರಿಜ್ ಅಂಟಿಸಿರುವುದಿಲ್ಲವಾದ್ದರಿಂದ ತಂತಿ ಬದಲಿಸುವಾಗ ಸರಿದುಬಿಡುತ್ತದೆ. ಮೇಲಿನ ಫ್ರೆಟ್‌ಗಳು ‘ಸುಳ್ಳು ನುಡಿಯುತ್ತವೆ’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಬಾಖ್‌ನ ಚೆಲ್ಲೊ ಸ್ವೀಟ್‌ಗಳೂ (ನೃತ್ಯಗುಚ್ಛಗಳು, 1007–1012) ಒಗ್ಗುತ್ತವೆ. ಚೆಲ್ಲೊದ ತಂತಿಗಳು ಸಿ, ಜಿ, ಡಿ, ಎ. ನಿಮ್ಮಂತೆಯೇ ಪಂಚಮದ ಅಂತರ. ಹಾಗಾಗಿ ಅವರ ತೆರೆದ ತಂತಿ ನಿಮಗೂ ತೆರೆದ ತಂತಿಯೇ, ಸ್ವರದ ಹೆಸರು ಮಾತ್ರ ಒಂದು ಪಂಚಮ ಮೇಲೆ. ಜಿ ಮೇಜರ್‌ನ ಮೊದಲ ಸ್ವೀಟ್ ಡಿ ಮೇಜರ್ ಆಗುತ್ತದೆ, ಪ್ರೆಲೂಡ್‌ನ ಮೊದಲ ಮೂರು ಸ್ವರ ತೆರೆದ ಡಿ, ತೆರೆದ ಎ, ಇ ತಂತಿಯ ಎರಡನೇ ಫ್ರೆಟ್. ಐದನೇ ಸ್ವೀಟ್‌ಗೆ ಚೆಲ್ಲೊದವರು ಎ ತಂತಿಯನ್ನು ಜಿಗೆ ಇಳಿಸುತ್ತಾರೆ, ನೀವು ಇ ಜೋಡಿಯನ್ನು ಡಿಗೆ ಇಳಿಸಬೇಕು. ಆರನೆಯದು ಐದು ತಂತಿಯ ವಾದ್ಯಕ್ಕೆ ಬರೆದದ್ದು, ನಾಲ್ಕು ಜೋಡಿಗೆ ಕತ್ತರಿಸದೆ ಬಾರದು. ಬ್ರೆಜಿಲ್‌ನ ಹ್ಯಾಮಿಲ್ಟನ್ ಡಿ ಹೊಲಾಂಡಾ ನುಡಿಸುವಂಥ, ಕೆಳಗೊಂದು ಸಿ ಜೋಡಿ ಸೇರಿಸಿದ ಹತ್ತು ತಂತಿಯ ಮ್ಯಾಂಡೊಲಿನ್ ಇದ್ದರೆ ಅದೇ ಶ್ರುತಿ, ಸರಿಯಾಗಿ ಒಂದು ಸ್ಥಾಯಿ ಮೇಲೆ.

ಮ್ಯಾಂಡೊಲಿನ್‌ಗೆಂದೇ ಬರೆದದ್ದು ಇಲ್ಲವೇ ಇಲ್ಲ ಎಂದಲ್ಲ. ವಿವಾಲ್ಡಿಯ ಸಿ ಮೇಜರ್ ಕಾನ್ಸರ್ಟೊ (ಅವನ ಕೃತಿಪಟ್ಟಿಯಲ್ಲಿ ಆರ್‌ವಿ 425), ಬೀಥೋವನ್ 1796ರಲ್ಲಿ ಮ್ಯಾಂಡೊಲಿನ್ ಮತ್ತು ಕೀಬೋರ್ಡ್‌ಗೆ ಬರೆದ ಚಿಕ್ಕ ತುಣುಕುಗಳು, ಹುಮ್ಮೆಲ್‌ನ 1799ರ ಜಿ ಮೇಜರ್ ಕಾನ್ಸರ್ಟೊ ಎಲ್ಲವೂ ಚೆಲುವಾದವು. ಆದರೆ ನಿಮ್ಮ ಮಟ್ಟಕ್ಕೆ ಇವು ಎರಡು ಮೂರು ತಿಂಗಳ ಊಟ. ವರ್ಷಗಟ್ಟಲೆ ಸಾಲುವುದು ನೇಪಲ್ಸ್‌ನ ರಫಾಯೆಲೆ ಕಲಾಚೆ (1863–1934). ಒಂಟಿ ಮ್ಯಾಂಡೊಲಿನ್‌ಗೆ ಅವನು ಬರೆದ ಪ್ರೆಲೂಡ್‌ಗಳು, ಅದರಲ್ಲೂ ಎರಡನೆಯದು (ಓಪಸ್ 49), ವಾದ್ಯವನ್ನು ಒಳಗಿನಿಂದ ಬಲ್ಲವನ ಬರಹ. ಎರಡು ಕಾನ್ಸರ್ಟೊಗಳೂ ಇವೆ, ಓಪಸ್ 113 ಮತ್ತು 144. ಕಲಾಚೆ ತೀರಿಹೋಗಿ 90 ವರ್ಷ ಕಳೆದಿರುವುದರಿಂದ ಬಹುತೇಕ ದೇಶಗಳಲ್ಲಿ ಹಕ್ಕುಸ್ವಾಮ್ಯದ ತೊಡಕಿಲ್ಲ. ಹಳೆಯ ಸ್ಕೋರ್‌ಗಳನ್ನು ಉಚಿತವಾಗಿ ಇಡುವ ಆನ್‌ಲೈನ್ ಸಂಗ್ರಹಗಳಲ್ಲಿ ಹುಡುಕಿ.

ಕಲಾಚೆಯನ್ನು ನುಡಿಸಲು ಡುಯೊ ಶೈಲಿ ಬರಬೇಕು: ಮೇಲಿನ ತಂತಿಯಲ್ಲಿ ರಾಗ ಟ್ರೆಮೊಲೊದಲ್ಲಿ ಕಡಿಯದೆ ಸಾಗುವಾಗ, ಕೆಳಸ್ವರದ ತಂತಿಯಲ್ಲಿ ಬೇಸ್ ಅಥವಾ ಪಕ್ಕವಾದ್ಯ ಮೀಟಿ ಮೀಟಿ ಬರುತ್ತದೆ. ಕೇಳುವವರಿಗೆ ಇಬ್ಬರು ನುಡಿಸಿದಂತೆ. ಅಭ್ಯಾಸ ಹೀಗೆ ಮಾಡಿ. ಎ ತಂತಿಯಲ್ಲಿ ಟ್ರೆಮೊಲೊ, ಎಂಟು ಮೀಟುಗಳ ಗುಂಪು ಎಣಿಸಿಕೊಂಡು. ಪ್ರತಿ ಗುಂಪಿನ ಮೊದಲ ಡೌನ್ ಮಾತ್ರ ಡಿ ತಂತಿಯಿಂದ ಹೊರಟು ಎ ತಂತಿಯ ಮೇಲೆ ಮುಗಿಯಲಿ. ಡಿಗೆ ಒಂದು, ಎಗೆ ಒಂದು ಎಂದು ಎರಡು ಮೀಟು ಮಾಡಿದರೆ ಟ್ರೆಮೊಲೊ ಅಲ್ಲಿ ಕಡಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಎರಡನೆಯ ತಪ್ಪು, ಡಿ ಮೇಲೆ ಪೂರ್ತಿ ಕೈ ಬೀಸಿ ರಾಗವನ್ನು ಮುಚ್ಚಿಬಿಡುವುದು. ಡಿಯನ್ನು ಪಿಕ್ ದಾರಿಯಲ್ಲಿ ಸವರಿಹೋಗಬೇಕು, ಹೊಡೆಯಬಾರದು. ಎರಡು ನಿಮಿಷ ಕಡಿಯದೆ ಬಂದ ಮೇಲೆ ಗುಂಪನ್ನು ಆರಕ್ಕೆ, ನಾಲ್ಕಕ್ಕೆ ಇಳಿಸಿ.

ಇನ್ನು ಲಯದ ಕಷ್ಟ. ಪಾಶ್ಚಾತ್ಯ ಶಾಸ್ತ್ರೀಯದಲ್ಲೇ ಮುಳುಗಿದ ಕೈಗೆ ಬ್ರೆಜಿಲ್‌ನ ಶೋರೊ ಎಂಬ ವಾದ್ಯಸಂಗೀತ ಒಳ್ಳೆಯ ಮದ್ದು. ಅಲ್ಲಿ ಮ್ಯಾಂಡೊಲಿನ್ (ಅವರ ಮಾತಿನಲ್ಲಿ ಬಂದೊಲಿಮ್) ಬರೀ ಅತಿಥಿಯಲ್ಲ, ಮನೆಯ ಯಜಮಾನ. ಜಾಕೊಬ್ ದೊ ಬಂದೊಲಿಮ್ (1918–1969) ಕಟ್ಟಿದವುಗಳಿಂದ ಶುರು ಮಾಡಿ, ಪಿಶಿಂಗಿನ್ಯಾನ ‘ಉಮ್ ಆ ಝೆರೊ’ಗೆ ಬನ್ನಿ. ಹೆಸರಿನ ಅರ್ಥ ‘ಒಂದು–ಸೊನ್ನೆ’. 1919ರಲ್ಲಿ ಬ್ರೆಜಿಲ್ ಉರುಗ್ವೆಯನ್ನು ಫುಟ್‌ಬಾಲ್‌ನಲ್ಲಿ ಸೋಲಿಸಿದ ಅಂಕ. ರಾಗವೂ ಚೆಂಡಿನ ಹಿಂದೆ ಓಡುವಂತೆಯೇ ಇದೆ. ಶೋರೊ ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ. ಬೀಟಿನ ನಾಲ್ಕು ಸ್ವರಗಳಲ್ಲಿ ಒತ್ತು ಎಲ್ಲಿ ಬೀಳಬೇಕೆಂಬುದು ಕಾಗದದಲ್ಲಿಲ್ಲ, ಕೇಳಿಯೇ ಹಿಡಿಯಬೇಕು. ಬ್ಲೂಗ್ರಾಸ್‌ನಲ್ಲಿ ಬಿಲ್ ಮನ್ರೋನ ‘ರಾಹೈಡ್’ ಕೂಡ ಹಾಗೆಯೇ, ಸ್ವರಗಳು ಎರಡು ದಿನದ ಕೆಲಸ, ವೇಗ ಎರಡು ವರ್ಷದ್ದು.

ಜಾಝ್‌ನ ಬಿರುಸಿನ ಶೈಲಿಯಾದ ಬೀಬಾಪ್‌ನ ರಾಗಗಳಲ್ಲಿ ತೊಡಕು ಎಡಗೈಯದು. ತೆರೆದ ಎಯಿಂದ ತೆರೆದ ಇಗೆ ನಡುವೆ ಆರು ಅರ್ಧಸ್ವರಗಳಿವೆ, ಬೆರಳು ನಾಲ್ಕೇ. ಅರ್ಧಸ್ವರಗಳ ಸಾಲು ಬಂದಾಗ ಯಾವುದೋ ಬೆರಳು ಎರಡು ಫ್ರೆಟ್‌ಗೆ ಜಾರಲೇಬೇಕು, ಅದು ಯಾವುದೆಂದು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಕರ್ನಾಟಕ ಸಂಗೀತದತ್ತ ಒಲವಿದ್ದರೆ ಭೈರವಿಯ ‘ವಿರಿಬೋಣಿ’ಯಂಥ ಅಟತಾಳ ವರ್ಣವನ್ನು ಎರಡು ಕಾಲಗಳಲ್ಲಿ ಹಿಡಿಯಿರಿ, 14 ಅಕ್ಷರದ ತಾಳ ತಪ್ಪದೆ ಕಾಲ ಬದಲಿಸುವುದೇ ಬೇರೆ ವ್ಯಾಯಾಮ. ಆದರೆ ಜೋಡಿ ತಂತಿಯಲ್ಲಿ ಗಮಕ ಪೂರ್ತಿ ಬರುವುದಿಲ್ಲ: ಎಳೆದಾಗ ಎರಡು ತಂತಿಗಳು ಒಂದೇ ಅಳತೆಗೆ ಏರದೆ ಶ್ರುತಿ ಒಡೆಯುತ್ತದೆ. ಯು. ಶ್ರೀನಿವಾಸ್ (1969–2014) ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಬಳಸಿದ್ದು ಸುಮ್ಮನೆ ಅಲ್ಲ. ಅಕೌಸ್ಟಿಕ್‌ನಲ್ಲಿ ಜಾರು (ಸ್ವರದಿಂದ ಸ್ವರಕ್ಕೆ ಜಾರುವುದು) ಒಲಿಯುತ್ತದೆ, ಕಂಪಿತ (ಸ್ವರವನ್ನು ಅಲುಗಿಸುವುದು) ಒಲಿಯುವುದಿಲ್ಲ. ಅದಕ್ಕೆ ತಕ್ಕಂಥ ರಾಗ ಆರಿಸಿಕೊಳ್ಳಿ.

ಯಾವುದೇ ಹೊಸ ಸ್ಕೋರ್ ಕೈಗೆ ಬಂದರೆ ವಾದ್ಯ ಎತ್ತುವ ಮುಂಚೆ ಹತ್ತು ನಿಮಿಷ ಓದಿ. ಅತಿ ಎತ್ತರದ ಸ್ವರ ಎಷ್ಟನೇ ಫ್ರೆಟ್? ಕೆಳಗಿನ ಫ್ರೆಟ್‌ಗಳಲ್ಲಿ ಬೆರಳು ಎಷ್ಟು ಅಗಲಬೇಕು? (35 ಸೆಂ.ಮೀ. ತಂತಿಯಳತೆಯಲ್ಲಿ ಎರಡನೇ ಫ್ರೆಟ್‌ನಿಂದ ಏಳನೆಯದಕ್ಕೆ ಸುಮಾರು 8 ಸೆಂ.ಮೀ.; ಇದಕ್ಕಿಂತ ಅಗಲವಾಗಿ ಹಿಡಿದಿಡಬೇಕಾದ ಕಾರ್ಡ್ ಇದ್ದರೆ ಎಚ್ಚರ.) ತಂತಿ ದಾಟುವಿಕೆ ಪ್ರತಿ ಸ್ವರಕ್ಕೂ ಇದೆಯೇ, ನಾಲ್ಕಕ್ಕೊಮ್ಮೆಯೇ? ಅತಿ ಉದ್ದದ ಸ್ವರ ಎಷ್ಟು ಬೀಟ್, ಅಷ್ಟು ಹೊತ್ತು ನಿಮ್ಮ ವಾದ್ಯ ಮೊಳಗುತ್ತದೆಯೇ? ಪೂರ್ತಿ ಕಷ್ಟ ಒಂದೇ ಬಗೆಯದಾಗಿದ್ದರೆ ಆ ಕೃತಿಯಿಂದ ಕಲಿಯುತ್ತೀರಿ. ನಾಲ್ಕೂ ಬಗೆ ಒಂದೇ ಪುಟದಲ್ಲಿದ್ದರೆ ಆರು ತಿಂಗಳಾದರೂ ಅರ್ಧಂಬರ್ಧ ಉಳಿಯುತ್ತದೆ.

ಶುರು ಮಾಡಲು: 1002ರ ಮೊದಲ ನೃತ್ಯದ ಡಬಲ್. ದಿನಕ್ಕೆ ನಾಲ್ಕೇ ಬಾರ್, ಮೀಟಿನ ದಿಕ್ಕು ಪೆನ್ಸಿಲಿನಲ್ಲಿ ಬರೆದುಕೊಂಡು. ಸ್ವರಗಳು ಕೈಗೆ ಕೂತ ಮೇಲೆ 60ರಿಂದ ನಾಲ್ಕುನಾಲ್ಕಾಗಿ ಮೆಟ್ರೊನೋಮ್ ಏರಿಸುತ್ತ ಕೂರಬೇಡಿ. ನಿಧಾನದಲ್ಲಿ ಕೈ ಮಾಡುವ ಚಲನೆಯೇ ಬೇರೆ, ವೇಗದಲ್ಲಿ ಮಾಡಬೇಕಾದ್ದೇ ಬೇರೆ. ಅದಕ್ಕೇ 90ರ ಹತ್ತಿರ ಗೋಡೆ ಎದುರಾಗುತ್ತದೆ. ಗುರಿಯ ಗತಿಯನ್ನೇ ಇಟ್ಟುಕೊಂಡು ಒಂದು ಬೀಟಿನ ನಾಲ್ಕು ಸ್ವರ ನುಡಿಸಿ, ಮುಂದಿನ ಬೀಟಿನ ಮೊದಲ ಸ್ವರದ ಮೇಲೆ ನಿಂತುಬಿಡಿ. ಮಣಿಕಟ್ಟು ಸಡಿಲವಾಗಿದೆಯೇ ನೋಡಿಕೊಂಡು ಇನ್ನೊಮ್ಮೆ. ಅದು ಹತ್ತರಲ್ಲಿ ಒಂಬತ್ತು ಸಲ ಸ್ವಚ್ಛವಾಗಿ ಬಂದರೆ ಎರಡು ಬೀಟ್, ಆಮೇಲೆ ಒಂದು ಬಾರ್. ಸಂಜೆ ಅದೇ ನಾಲ್ಕು ಬಾರನ್ನು ಒಮ್ಮೆ ಅತಿ ನಿಧಾನವಾಗಿ, ಪ್ರತಿ ಸ್ವರವನ್ನೂ ಮುಂದಿನದು ಬರುವವರೆಗೆ ಹಿಡಿದು ನುಡಿಸಿ.